ಗುಂಡು ಹಾಕಿಕೊಂಡು ಹೊರಡುವ ನಮ್ಮ ಮಾವ

ನಮ್ಮ ಸೋದರಮಾವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಎರಡು ರೊಟ್ಟಿ ತಿಂದು, ಆಮೇಲೆ ಒಂದು ಗುಂಡು ಹಾಕಿಕೊಂಡೇ ಮನೆಯಿಂದ ಹೊರಡುತ್ತಾರೆ. ಅಯ್ಯೋ, ಇದೇನು ಬೆಳಬೆಳಿಗ್ಗೆಯೇ ಅಂತ ಹುಬ್ಬೇರಿಸಬೇಡಿ! ನೀವು ಅಂದುಕೊಂಡ ಗುಂಡಲ್ಲ. ಅದನ್ನು ಅವರು ಮೂಸಿಯೂ ನೋಡಿದವರಲ್ಲ. ಕೆಮ್ಮಿನ ಔಷಧಿ ಕೊಟ್ಟರೂ "ಇದ್ರಾಗೆ ಅದೇನಾರ ಸೇರೈತಾ ನೋಡವ್ವ" ಎಂದು ಬಾಟಲಿ ನನ್ನ ಕೈಗೆ ಕೊಟ್ಟು ಓದಿಸಿದ ಮೇಲೇ ಕುಡಿಯುವ ಪೈಕಿ. ನಾನು ಹೇಳುತ್ತಿರುವುದು ಪಿಸ್ತೂಲಿನ ಗುಂಡು. ಸರ್ಕಾರದ ಲೈಸೆನ್ಸ್ ಇರುವ, ಎಣ್ಣೆ ಹಾಕಿ ಒರೆಸಿದ, ಅಂಗಿಯ ಒಳಗೆ ಸೊಂಟದ ಹಿಂದೆ ಸಿಕ್ಕಿಸಿಕೊಂಡು ಓಡಾಡುವ ನಿಜವಾದ ಪಿಸ್ತೂಲು. ಆ ಗುಂಡಿಗಿಂತ ಈ ಗುಂಡೇ ವಾಸಿಯಲ್ಲವೇ ಎಂದು ನೀವು ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಕುಡಿದವನಿಗೆ ಮಾರನೆಯ ದಿನಕ್ಕಾದರೂ ಇಳಿಯುತ್ತದೆ. ನಮ್ಮ ಮಾವನಿಗೆ ಏರಿದ್ದು ವರ್ಷಗಟ್ಟಲೆ ಇಳಿಯಲೇ ಇಲ್ಲ.

ಪಿಸ್ತೂಲಿನ ಬಗ್ಗೆ ಏನೂ ಗೊತ್ತಿಲ್ಲದೆ ನೆಮ್ಮದಿಯಾಗಿರುವ ಓದುಗರಿಗೆ ಒಂದೆರಡು ಮಾತು ಹೇಳಬೇಕು. ನನಗೂ ಗೊತ್ತಿರಲಿಲ್ಲ, ಈ ಮನುಷ್ಯನ ದೆಸೆಯಿಂದ ಕಲಿಯಬೇಕಾಯಿತು. ಗುಂಡುಗಳೆಲ್ಲ ಹಿಡಿಕೆಯೊಳಗಿನ ಒಂದು ಡಬ್ಬಿಯಲ್ಲಿ ಸಾಲಾಗಿ ಕೂತಿರುತ್ತವೆ. ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು ಬಿಟ್ಟರೆ ಅದರಲ್ಲಿ ಒಂದು ಗುಂಡು ಮೇಲಕ್ಕೇರಿ ನಳಿಗೆಯ ಬುಡದ ಗೂಡಿನಲ್ಲಿ ಕೂರುತ್ತದೆ. ಆ ಗೂಡಿಗೆ ಚೇಂಬರು ಎನ್ನುತ್ತಾರಂತೆ. ನಮ್ಮ ಚಿತ್ರದುರ್ಗದಲ್ಲಿ ಚೇಂಬರು ಎಂದರೆ ವಕೀಲರದು. ಅಲ್ಲಿ ಒಳಗೆ ಹೋದ ಕೇಸು ಯಾವ ಕಾಲಕ್ಕೂ ಹೊರಗೆ ಬರುವುದಿಲ್ಲ. ಪಿಸ್ತೂಲಿನ ಚೇಂಬರಿನಲ್ಲಿ ಕೂತದ್ದು ಹಾಗಲ್ಲ, ಬೆರಳು ಒತ್ತಿದರೆ ಸಾಕು, ಹೊರಗೆ! ಗೂಡಿನಲ್ಲಿ ಗುಂಡಿಲ್ಲದಿದ್ದರೆ ಮೊದಲು ಎಳೆಯಬೇಕು, ಆಮೇಲೆ ಒತ್ತಬೇಕು. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಆ ಗೂಡನ್ನು ಖಾಲಿ ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ವಾದ. ತುಂಬಿಕೊಂಡೇ ಓಡಾಡಬೇಕು ಎಂಬುದು ಮಾವನ ವಾದ. ಆ ಒಂದು ಗುಂಡಿನ ಮೇಲೆ ನಮ್ಮಿಬ್ಬರಿಗೂ ಆಗಿರುವ ಜಗಳ ಆಸ್ತಿ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರಿಗೂ ಆಗಿರಲಾರದು.

ಮಾವನ ಮನೆ ಇರುವುದು ಆದಿವಾಲದಲ್ಲಿ, ಕಿರಾಣಿ ಅಂಗಡಿ ಹಿರಿಯೂರಿನಲ್ಲಿ. ಅಂಗಡಿಯ ಗಲ್ಲಾದ ಮೇಲೆ ಕೂರುವವರು ಮಾವ. ಅಂಗಡಿ ನಡೆಸುವವರು ಅತ್ತೆ. ಹಾಗಾಗಿ ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೆದ್ದಾರಿಯ ಅಂಚಿಗೆ ಅಂಚಿಗೆ ಹಿರಿಯೂರಿಗೆ ಹೋಗುತ್ತಾರೆ, ಸಂಜೆ ವಾಪಸು ಬರುತ್ತಾರೆ. ಒಂದು ದಿನ ಅದೇ ರಸ್ತೆಯಲ್ಲಿ ಬೈಕಿನಲ್ಲಿ ಬಂದ ಇಬ್ಬರು ಯಾವುದೋ ಹೆಂಗಸಿನ ಕೊರಳಿನ ಸರ ಕಿತ್ತುಕೊಂಡು ಹೋದರೆಂದು ಸುದ್ದಿಯಾಯಿತು. ಆ ಹೆಂಗಸು ಯಾರೆಂದು ಮಾವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆದರೆ ಮರುದಿನವೇ ಮಾವ ಪಿಸ್ತೂಲಿಗೆ ಅರ್ಜಿ ಹಾಕಿದರು! ವಿಚಾರಣೆಗೆ ಕರೆದ ಅಧಿಕಾರಿ, "ನಿಮ್ಮ ಜೀವಕ್ಕೆ ಯಾರಿಂದ ಭಯ ಐತ್ರಿ?" ಎಂದು ಕೇಳಿದರಂತೆ.

"ಜೀವಕ್ಕೆ ಇಲ್ಲ ಸಾರ್, ಸರಕ್ಕೆ ಐತೆ" ಎಂದರಂತೆ ಮಾವ.

ಅಂಥ ಉತ್ತರ ಕೊಟ್ಟವರಿಗೆ ಪಿಸ್ತೂಲು ಹೇಗೆ ಸಿಕ್ಕಿತು ಎಂದು ನನ್ನನ್ನು ಕೇಳಬೇಡಿ. ಚಿತ್ರದುರ್ಗಕ್ಕೆ ತಿರುಗಿ ತಿರುಗಿ ಎರಡು ಜೊತೆ ಚಪ್ಪಲಿ ಸವೆಸಿದ ಮೇಲೆ, ಇವರ ಕಾಟ ತಪ್ಪಿದರೆ ಸಾಕು ಎಂದೇ ಕೊಟ್ಟಿರಬೇಕು.

ಈಗ ನನ್ನ ಸಿಟ್ಟಿಗೆ ಕಾರಣ ಕೇಳಿ. ಪಿಸ್ತೂಲು ಇರುವುದು ಮಾವನ ಸೊಂಟದ ಹಿಂಭಾಗದಲ್ಲಿ. ಸ್ಕೂಟರಿನಲ್ಲಿ ಅವರ ಹಿಂದೆ ಕೂರುವವರು ಯಾರು? ಅತ್ತೆ! ನಳಿಗೆಯ ಬಾಯಿ ಇರುವುದು ಯಾವ ಕಡೆಗೆ? ಸೀಟಿನ ಕಡೆಗೆ, ಅಂದರೆ ಅತ್ತೆಯ ತೊಡೆಯ ಕಡೆಗೆ! ಹೆದ್ದಾರಿಯ ಅಂಚಿನಲ್ಲಿ ಹಳ್ಳ, ದಿಣ್ಣೆ, ಕಲ್ಲು, ಅಡ್ಡ ಬರುವ ಎಮ್ಮೆ. ಒಂದೊಂದು ಹಳ್ಳಕ್ಕೂ ಸ್ಕೂಟರು ಹಾರುತ್ತದೆ, ಮಾವ ಹಾರುತ್ತಾರೆ, ಪಿಸ್ತೂಲೂ ಹಾರುತ್ತದೆ. ಯಾರ ಕೊರಳಿನ ಸರ ಕಾಯಲು ಪಿಸ್ತೂಲು ತಂದರೋ ಅವರ ಕಡೆಗೇ ಅದನ್ನು ಗುರಿಯಿಟ್ಟುಕೊಂಡು ದಿನಾ ಎರಡು ಸಲ ಹೆದ್ದಾರಿಯಲ್ಲಿ ಮೆರವಣಿಗೆ ಮಾಡುವುದೆಂದರೆ ಇದನ್ನು ಏನೆಂದು ಕರೆಯಬೇಕು? ಸರ ಹೋದರೆ ಇನ್ನೊಂದು ಸರ ಮಾಡಿಸಬಹುದು, ಇನ್ನೊಬ್ಬ ಅತ್ತೆಯನ್ನು ಎಲ್ಲಿಂದ ಮಾಡಿಸುವುದು?

"ಅಲ್ಲ ಮಾವ, ಸರಗಳ್ಳ ಹಿಂದಿನಿಂದ ಬಂದ ಅನ್ನಿ. ನಿಮ್ಮ ಎರಡೂ ಕೈ ಹ್ಯಾಂಡಲ್ ಮೇಲಿರುತ್ತೆ. ಹೆಂಗೆ ಹೊಡೀತೀರಿ?" ಎಂದು ಕೇಳಿದೆ.

"ಒಂದು ಕೈ ಬಿಡ್ತೀನಿ."

"ಆಮೇಲೆ?"

"ಪಿಸ್ತೂಲು ತಗಂಡು ಹಿಂದಕ್ಕೆ ತಿರುಗ್ತೀನಿ."

"ಹಿಂದಕ್ಕೆ ತಿರುಗಿದ್ರೆ ನಿಮ್ಮ ಮೂಗಿನ ಮುಂದೆ ಯಾರಿರ್ತಾರೆ?"

ಮಾವ ಅತ್ತೆಯ ಕಡೆ ತಿರುಗಿ, "ನಾನು ತಿರುಗ್ತಿದ್ದಂಗೆ ನೀನು ಬಗ್ಗಬೇಕು ಕಣೆ" ಎಂದರು. ಆ ವಾರವೆಲ್ಲ ಮನೆಯ ಮುಂದೆ, ನಿಂತ ಸ್ಕೂಟರಿನ ಮೇಲೆ, ಅತ್ತೆಗೆ ಬಗ್ಗುವ ತರಬೇತಿ ನಡೆಯಿತು. ಮಂಡಿನೋವಿನ ಹೆಂಗಸು! ನಾನು ಹೋದಾಗ ಅತ್ತೆ ಸೊಂಟಕ್ಕೆ ನೋವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಇಷ್ಟಾದರೂ ಗೂಡಿನಲ್ಲಿ ಗುಂಡು ಯಾಕಿರಬೇಕು? ಅದಕ್ಕೆ ಮಾವ ಕೊಡುವ ಕಾರಣ ಎರಡು. ಮೊದಲನೆಯದು ಎಲ್ಲರೂ ಕೊಡುವಂಥದ್ದೇ. "ಕಳ್ಳ ಬಂದಾಗ, ತಡಿಯಪ್ಪ, ಒಂದ್ಸಲ ಎಳ್ಕಂತೀನಿ ಅಂತ ಅನ್ನಕ್ಕಾಗುತ್ತೇನವ್ವ? ಕಣ್ಣು ಮಿಟುಕಿಸಾದ್ರಾಗೆ ಕಿತ್ಕಂಡು ಹೋಗಿರ್ತಾನೆ." ಇದಕ್ಕಾದರೆ ವಾದ ಮಾಡಬಹುದು. ಎರಡನೆಯ ಕಾರಣ ಇದೆಯಲ್ಲ, ಅದು ಜಗತ್ತಿನ ಯಾವ ಪಿಸ್ತೂಲಿನವನೂ ಕೊಟ್ಟಿರಲಾರ. ಅದನ್ನು ತಿಳಿಯಬೇಕಾದರೆ ಮಾವನ ಬಾಯಿಯ ವಿಷಯ ಹೇಳಬೇಕು.

ನಮ್ಮ ಕಡೆ ಮನೆಗಳಲ್ಲಿ ಕೆಲವು ಮಾತು ಆಡುವುದಿಲ್ಲ. ಅಕ್ಕಿ ತೀರಿದರೆ 'ಅಕ್ಕಿ ಇಲ್ಲ' ಎನ್ನುವುದಿಲ್ಲ, 'ಅಕ್ಕಿ ತುಂಬೈತೆ' ಎನ್ನುತ್ತೇವೆ. ಬಳೆ ಒಡೆದರೆ 'ಹೆಚ್ಚಾಯ್ತು'. ದೀಪ ಆರಿಸು ಎನ್ನದೆ 'ದೊಡ್ಡದು ಮಾಡು'. ಹೊರಟವರು 'ಹೋಗ್ತೀನಿ' ಎಂದರೆ ಒಳಗಿನಿಂದ 'ಬಿಡ್ತು ಅನ್ನು!' ಎಂಬ ಗದರಿಕೆ ಬರುತ್ತದೆ. ಇದೆಲ್ಲ ಅಡುಗೆಮನೆಯ ಭಾಷೆ, ಹೆಂಗಸರು ಹೆಂಗಸರಿಗೆ ಹೇಳಿಕೊಂಡು ಬಂದದ್ದು, ಕೇಳಲು ಚೆಂದ. ಆದರೆ ನಮ್ಮ ಮಾವ ಇದನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ಹಿರಿಯೂರಿನ ಪೇಟೆಯಲ್ಲಿಟ್ಟರು! ಅವರ ಬಾಯಿಂದ ಖಾಲಿ ಎಂಬ ಮಾತು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಒಂದು ಸಲ ಹಬ್ಬದ ಹಿಂದಿನ ದಿನ ಯಲ್ಲದಕೆರೆಯ ಹೆಂಗಸೊಬ್ಬರು ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ.

"ತೊಗರಿಬ್ಯಾಳೆ ಐತೇನ್ರಿ?"

"ತುಂಬೈತೆ ತಾಯಿ" ಎಂದರು ಮಾವ.

"ಹಂಗಾರೆ ಐದು ಕೆಜಿ ಕಟ್ರಿ" ಎಂದು ಆಕೆ ಚೀಲ ಬಿಚ್ಚಿದರು.

"ತುಂಬೈತೆ ಅಂದ್ನಲ್ಲವ್ವ, ಎಲ್ಲಿಂದ ಕಟ್ಲಿ?"

ಆಕೆ ಚೀಲ ನೆಲಕ್ಕೆ ಬಡಿದರು. "ತುಂಬೈತೆ ಅಂತೀರ, ಕೊಡಲ್ಲ ಅಂತೀರ! ಹಬ್ಬಕ್ಕೆ ರೇಟು ಏರಿಸಾಣ ಅಂತ ಬಚ್ಚಿಟ್ಟೀರೇನ್ರಿ?" ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತರು. ಯಾರೋ ಗೋಡೌನು ತೆಗೆಸಿ ನೋಡೋಣ ಎಂದರು. ಒಳಗಿನಿಂದ ಅತ್ತೆ ಬಂದು, ಆಕೆಯ ಕೈ ಹಿಡಿದು, ಮೆಲ್ಲಗೆ, "ನಿಮ್ಮನೇಲಿ ಬ್ಯಾಳೆ ಡಬ್ಬಿ ತಳ ಕಂಡ್ರೆ ನೀವು ಏನಂತೀರಿ ತಾಯಿ?" ಎಂದು ಕೇಳಿದರು.

"ತುಂಬೈತೆ ಅಂತೀವಿ" ಎಂದ ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಗತೊಡಗಿದರು. "ಅಯ್ ಶಿವನೆ! ಮನೇಲಿ ಅಂದ್ರೆ ಸರಿ, ವ್ಯಾಪಾರದಾಗೂ ಅಂತಾರೇನ್ರಿ?"

ಅನ್ನುತ್ತಾರೆ! ಪೆಟ್ರೋಲ್ ಬಂಕಿನಲ್ಲೂ ಅನ್ನುತ್ತಾರೆ! ಬಬ್ಬೂರಿನ ಹತ್ತಿರ ಸ್ಕೂಟರು ನಿಂತುಹೋಗಿ, ಅತ್ತೆ ಹಿಂದಿನಿಂದ ನೂಕಿಕೊಂಡು ಬಂಕಿಗೆ ತಂದರೆ, ಈ ಮಹಾನುಭಾವರು ಅಲ್ಲಿ "ಪೆಟ್ರೋಲು ತುಂಬೈತೆ ಕಣಪ್ಪ" ಎಂದರಂತೆ. ಬಂಕಿನವನು, "ತುಂಬಿದ್ರೆ ಪಕ್ಕಕ್ಕೆ ನಿಲ್ಸಿ ಯಜಮಾನ್ರೆ, ಹಿಂದೆ ಗಾಡಿ ಅವೆ" ಎಂದು ಮುಂದಿನವರಿಗೆ ಹಾಕತೊಡಗಿದನಂತೆ. ತಪ್ಪು ಅವನದೇ?

ಈಗ ಪಿಸ್ತೂಲಿನ ಎರಡನೆಯ ಕಾರಣ ನಿಮಗೆ ಹೊಳೆದಿರಬೇಕು. "ನಾವು ಹೊರಟಾಗ ಎದುರಿಗೆ ಬರಿ ಕೊಡ ಬಂದ್ರೆ ವಾಪಸ್ ಬಂದು ಕುಂತು ನೀರು ಕುಡಿದು ಹೋಗ್ತೀವಿ. ಅಂಥಾದ್ರಾಗೆ ಸೊಂಟದಾಗೇ ಅಂಥ ಗೂಡು ಕಟ್ಕಂಡು ಹೊಸ್ತಿಲು ದಾಟ್ತಾರೇನವ್ವ? ಲಕ್ಷಣವಾಗಿ ತುಂಬಿರಬೇಕು." ಇದು ಮಾವನ ಸಿದ್ಧಾಂತ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಶಬ್ದಗಳ ಮೇಲೆ ನನಗೂ ಪ್ರೀತಿಯಿದೆ. ಆದರೆ ಶಕುನ ಸರಿಯಿರಲಿ ಎಂದು ಗುಂಡು ತುಂಬಿಕೊಳ್ಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅರಿಸಿನ ಕುಂಕುಮ ತುಂಬಿಟ್ಟ ಭರಣಿಯೇ ಅದು?

ಸೊಂಟದಲ್ಲಿ ಇಂಥದ್ದನ್ನು ಇಟ್ಟುಕೊಂಡವರು ಮನೆಯಲ್ಲಾದರೂ ಕೂರುತ್ತಾರೆಯೇ ಎಂದರೆ, ಅದೂ ಇಲ್ಲ. ಎಲ್ಲ ಶುಭಕಾರ್ಯಕ್ಕೂ ಇವರು ಹಾಜರು. ಹೊಳಲ್ಕೆರೆಯಲ್ಲಿ ನೆಂಟರ ಮದುವೆ. ಊಟಕ್ಕೆ ನೆಲದ ಮೇಲೆ ಪಂಕ್ತಿ. ಚಕ್ಕಂಬಕ್ಕಳ ಹಾಕಿ ಕೂತಾಗ ಸೊಂಟಕ್ಕೆ ಒತ್ತಿತಂತೆ; ಮಾವ ಅದನ್ನು ತೆಗೆದು, ನೀರಿನ ಲೋಟದ ಪಕ್ಕದಲ್ಲಿ, ಎಲೆಯ ತುದಿಗೆ, ಉಪ್ಪಿನಕಾಯಿಯ ಮಗ್ಗುಲಲ್ಲಿ ಇಟ್ಟುಕೊಂಡರು! ಹೋಳಿಗೆ ಬಡಿಸುತ್ತ ಬಂದವನು ಎಲೆ ನೋಡಿದ, ಎಲೆಯ ಪಕ್ಕ ನೋಡಿದ, ಮಾವನ ಮುಖ ನೋಡಿದ. ಒಂದು ಹೋಳಿಗೆ ಹಾಕಿದ, ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ತುಪ್ಪದವನು ಬಂದು ಗಿಂಡಿ ಬಗ್ಗಿಸಿದವನು ಎತ್ತಲೇ ಇಲ್ಲ. ಆ ಸಾಲಿನಲ್ಲಿ ಉಳಿದವರೆಲ್ಲ ಒಂದೊಂದು ಹೋಳಿಗೆ ತಿಂದು ಎದ್ದರು. ನಮ್ಮ ಮಾವನ ಎಲೆಯಲ್ಲಿ ಮಾತ್ರ ಹೋಳಿಗೆಯ ಗುಡ್ಡ. ಮಾವ ಕೈ ತೊಳೆದುಕೊಂಡು ಬಂದು, "ಹೊಳಲ್ಕೆರೆ ಜನ ಉಪಚಾರದಾಗೆ ಎತ್ತಿದ ಕೈ ಕಣವ್ವ. ಹಿಂಗೆ ಬಡಿಸ್ಬೇಕು ನೋಡು" ಎಂದರು. ಹೆಣ್ಣಿನ ತಂದೆ ಅಡುಗೆಯ ಮನೆಯ ಬಾಗಿಲ ಹಿಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ.

ಹೊಸದುರ್ಗದಲ್ಲಿ ನಡೆದದ್ದು ಇದಕ್ಕಿಂತ ಘನವಾದದ್ದು. ನೆಂಟರ ಮನೆಗೆ ಮಠದ ಹಿರಿಯ ಸ್ವಾಮಿಗಳು ಪಾದಪೂಜೆಗೆ ದಯಮಾಡಿಸಿದ್ದರು. ಮಾವ ಭಕ್ತಿಯಿಂದ ಉದ್ದಂಡ ಅಡ್ಡಬಿದ್ದರು. ಅಂಗಿ ಮೇಲೆ ಸರಿದು ಪಿಸ್ತೂಲಿನ ಹಿಡಿಕೆ ಎಲ್ಲರಿಗೂ ದರ್ಶನ ಕೊಟ್ಟಿತು. ಸ್ವಾಮಿಗಳು ಬಗ್ಗಿ ನೋಡಿ, "ಕೊರಳಲ್ಲಿ ಲಿಂಗ ಕಟ್ಟಿಕೊಂಡಿದೀಯಲ್ಲ, ಅದರ ಮೇಲೆ ನಂಬಿಕೆ ಸಾಲದಾಯ್ತೇನಪ್ಪ?" ಎಂದು ಕೇಳಿದರು. ಮಾವ ಮಲಗಿದ್ದಲ್ಲಿಂದಲೇ ಕತ್ತೆತ್ತಿ, "ಅದು ನನ್ನ ಕಾಯುತ್ತೆ ಬುದ್ಧಿ. ಇದು ಇವಳನ್ನ" ಎಂದು ಅತ್ತೆಯ ಕಡೆ ತೋರಿಸಿದರು. ಸ್ವಾಮಿಗಳು ನಕ್ಕುಬಿಟ್ಟರು. ನಾನು ನಗಲಿಲ್ಲ. ನಗುವಂಥದ್ದು ಏನಿದೆ ಅದರಲ್ಲಿ? ಸಂಜೆ ಮತ್ತೆ ಅದೇ ಸ್ಕೂಟರು, ಅದೇ ಗುಂಡು, ಅದರ ಬಾಯಿಗೆ ಸರಿಯಾಗಿ ಅದೇ ಅತ್ತೆ!

ಕಡೆಗೆ ನಾನು ಚಿತ್ರದುರ್ಗದ ನಮ್ಮ ಮನೆಯ ಹಿಂದಿನ ಬೀದಿಯಲ್ಲಿರುವ ನಿವೃತ್ತ ಸುಬೇದಾರರೊಬ್ಬರನ್ನು ಕರೆದುಕೊಂಡು ಆದಿವಾಲಕ್ಕೆ ಹೋದೆ. ಬಂದೂಕಿನ ಜೊತೆಯಲ್ಲೇ ಸರ್ವೀಸು ಕಳೆದ ಮನುಷ್ಯ. ಅವರ ಮಾತನ್ನಾದರೂ ಕೇಳುತ್ತಾರೆ ಎಂದು ನನ್ನ ಆಸೆ. ಸುಬೇದಾರರು ಕಾಫಿ ಕುಡಿದು, ಮೀಸೆ ಒರೆಸಿಕೊಂಡು, "ನೋಡಿ ಸ್ವಾಮಿ, ಬಾರ್ಡರಿನಲ್ಲಿದ್ದಾಗಲೂ ಮೇಲಿನವರ ಆರ್ಡರ್ ಇಲ್ಲದೆ ನಾವು ಚೇಂಬರಿಗೆ ಗುಂಡು ಹಾಕುತ್ತಿರಲಿಲ್ಲ. ನಿಮ್ಮ ಆದಿವಾಲದಲ್ಲಿ ಯಾವ ಶತ್ರು ಇದ್ದಾನೆ?" ಎಂದರು.

"ಲಾಕ್ ಐತಲ್ರಿ ಅದಕ್ಕೆ" ಎಂದರು ಮಾವ.

"ಲಾಕು ಹಾಕೋಕೆ ಮರೆತ್ರೆ?" ಎಂದು ನಾನು ಬಾಯಿ ಹಾಕಿದೆ. "ನಿಮ್ಮ ಅಂಗಡಿ ಬಾಗಿಲಿನ ಲಾಕೇ ವಾರಕ್ಕೊಂದು ಸಲ ಮರೀತೀರಲ್ಲ ಮಾವ!"

ಮಾವ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಸುಬೇದಾರರಿಗೆ ಹೇಳಿದರು: "ನಿಮಗೆ ಆರ್ಡರ್ ಕೊಡಕ್ಕೆ ಮೇಲಿನೋರು ಇದ್ರು. ನನಗೆ ಯಾರವ್ರೆ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ನಾನಿಲ್ವೇನ್ರಿ?"

ಸುಬೇದಾರರು ಎದ್ದು ನಿಂತು ಅಡುಗೆಮನೆಯ ಕಡೆಗೆ ಒಂದು ಸೆಲ್ಯೂಟ್ ಹೊಡೆದರು. ಅತ್ತೆ ಹೊರಗೆ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನನ್ನೆದುರಿಗೆ ಮೊದಲ ಸಲ ಈ ವಿಷಯದಲ್ಲಿ ಮಾತಾಡಿದರು. "ದಾರಿಯಾಗೆ ನೀವು ಹೆಂಗಾರ ಇಟ್ಕಳ್ರಿ. ಮನೇಲಿ ಮಾತ್ರ ಬ್ಯಾಡ. ಬೀರು ತೆಗೆಯಕ್ಕೇ ನನಗೆ ಹೆದರಿಕೆ." ನಾನು ಅಷ್ಟು ವರ್ಷ ಕೂಗಾಡಿದ್ದಕ್ಕೆ ಜಗ್ಗದ ಮಾವ ಈ ಒಂದು ಮಾತಿಗೆ ತಲೆ ಕೆರೆದುಕೊಂಡರು. ಒಪ್ಪಂದವಾಯಿತು. ಸಂಜೆ ಮನೆಗೆ ಬಂದ ಕೂಡಲೇ ಅತ್ತೆಯ ಎದುರಿಗೇ ಪಿಸ್ತೂಲು ಎಳೆದು ಗೂಡಿನ ಗುಂಡನ್ನು ತೆಗೆಯಬೇಕು. ಅತ್ತೆ ಕಣ್ಣಾರೆ ನೋಡಬೇಕು. ಆಮೇಲೇ ಅದು ಬೀರುವಿಗೆ. ಬೆಳಿಗ್ಗೆ ಹೊರಡುವಾಗ ಬೇಕಾದರೆ ಮತ್ತೆ ತುಂಬಿಕೊಳ್ಳಲಿ. ಇದು ಅರ್ಧ ಗೆಲುವು. ಸ್ಕೂಟರಿನ ಮೇಲಿನ ಅತ್ತೆಗೆ ಇದರಿಂದ ಏನೂ ಲಾಭವಿಲ್ಲ. ಆದರೂ ಸುಬೇದಾರರು, "ಸಿಕ್ಕಷ್ಟು ನೆಲ ಹಿಡಿದುಕೊಳ್ಳಿ ಮೇಡಂ" ಎಂದದ್ದಕ್ಕೆ ಸುಮ್ಮನಾದೆ.

ಒಪ್ಪಂದವೇನೋ ನಡೆಯಿತು, ಆದರೆ ಅದರ ಭಾಷೆ? ಸಂಜೆ ಮಾವ ಗುಂಡು ತೆಗೆದು ಗೂಡನ್ನು ಅತ್ತೆಗೆ ತೋರಿಸಿ, "ತುಂಬೈತೆ ನೋಡ್ಕಳೆ" ಎನ್ನುವರು. ಅತ್ತೆ ಇಣುಕಿ, ಏನೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, "ಹ್ಞೂ, ತುಂಬೈತೆ" ಎನ್ನುವರು. ಪಿಸ್ತೂಲು ಬೀರುವಿನೊಳಕ್ಕೆ ಹೋಗುವುದು. ಹೊರಗಿನವರು ಯಾರಾದರೂ ಇದನ್ನು ಕೇಳಿಸಿಕೊಂಡಿದ್ದರೆ ಬಿದ್ದೆನೋ ಎದ್ದೆನೋ ಎಂದು ಓಡಬೇಕಿತ್ತು. ನಾನು ಎಷ್ಟೋ ಸಲ ಹೇಳಿದೆ, "ಅತ್ತೆ, ಅಕ್ಕಿಗೆ ಆ ಮಾತು ಸರಿ, ಇದಕ್ಕೆ ಬೇಡ. ಇದಕ್ಕೆ ಖಾಲಿ ಅಂತಲೇ ಅನ್ನಿ." ಅತ್ತೆ ಕೆನ್ನೆ ಬಡಿದುಕೊಂಡು, "ಬಿಡ್ತು ಅನ್ನು. ಲಕ್ಷ್ಮಿ ಇರೋ ಬೀರು ಕಣೆ ಅದು" ಎಂದರು. ಗಂಡನಿಗೆ ತಕ್ಕ ಹೆಂಡತಿ!

ಹೀಗಿರುವಾಗ ಆಯುಧಪೂಜೆ ಬಂತು. ಬೇರೆಯವರ ಮನೆಯಲ್ಲಿ ಕುಡುಗೋಲು, ಮಚ್ಚು, ಟ್ರ್ಯಾಕ್ಟರಿಗೆ ಪೂಜೆ. ನಮ್ಮ ಮಾವನ ಮನೆಯಲ್ಲಿ ಅಂಗಡಿಯ ತಕ್ಕಡಿ, ಸ್ಕೂಟರು, ಮತ್ತು ಸಾಕ್ಷಾತ್ ಆಯುಧ. ಹಿಂದಿನ ವರ್ಷ ಅದಕ್ಕೆ ಎಷ್ಟು ಗಂಧ ಕುಂಕುಮ ಮೆತ್ತಿದ್ದರೆಂದರೆ, ಒರೆಸಿ ಸರಿಮಾಡಲು ವಾರ ಹಿಡಿಯಿತು. ಆ ಒಂದು ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಈ ಸಲವೂ ಹಬ್ಬಕ್ಕೆಂದು ನಾನು ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ತೊಳೆದ ಸ್ಕೂಟರು ಹೊಳೆಯುತ್ತಿತ್ತು. ಅತ್ತೆ ಅದರ ಹಿಂದಿನ ಸೀಟಿನ ಮೇಲೆ, ದಿನಾ ಕೂರುವ ಹಾಗೆಯೇ ಒಂದು ಪಕ್ಕಕ್ಕೆ ಕಾಲು ಬಿಟ್ಟುಕೊಂಡು ಕೂತು, ಮಡಿಲಲ್ಲಿ ಚೆಂಡು ಹೂವು ಹಾಕಿಕೊಂಡು ಹಾರ ಕಟ್ಟುತ್ತಿದ್ದರು. ನಾನು ಕಟ್ಟೆಯ ಮೇಲೆ ತಕ್ಕಡಿಗೆ ವಿಭೂತಿ ಬಳಿಯುತ್ತಿದ್ದೆ. ಒಳಗೆ ಕುಕ್ಕರು ಕೂಗಿತು. "ಅಯ್ಯೋ, ಬ್ಯಾಳೆ ಹಿಟ್ಟಾಗುತ್ತೆ" ಎಂದು ಅತ್ತೆ ಹೂವನ್ನು ನನ್ನ ಪಕ್ಕಕ್ಕೆ ಸುರಿದು ಒಳಗೆ ಓಡಿದರು. ಅದೇ ಹೊತ್ತಿಗೆ ಮಾವ ಬೀರುವಿನಿಂದ ಪಿಸ್ತೂಲು ತೆಗೆದುಕೊಂಡು ಅಂಗಳಕ್ಕೆ ಬಂದರು. ಪೂಜೆಗೆ ಇಡುವ ಮೊದಲು ಅವರಿಗೂ ಒಂದು ಅನುಮಾನ ಬಂದಿರಬೇಕು. ಅಡುಗೆಮನೆಯ ಕಡೆಗೆ ಕೂಗಿದರು.

"ಲೇ, ಇದು ತುಂಬೈತೇನೆ?"

"ತುಂಬೈತೆ ಕಣ್ರಿ!" ಎಂದು ಅತ್ತೆ ಒಳಗಿನಿಂದ ಕೂಗಿದರು. ಮುಂದೆಯೂ ಏನೋ ಹೇಳಿದರು. ಅಷ್ಟರಲ್ಲಿ ಕುಕ್ಕರು ಮತ್ತೊಮ್ಮೆ ಕೂಗಿ ಆ ಮಾತು ನಮಗೆ ಕೇಳಿಸಲಿಲ್ಲ. ಮುಂದಿನ ಮಾತು ಏನೆಂದು ಆಮೇಲೆ ತಿಳಿಯಿತು: "ನಿನ್ನೆ ಸುಸ್ತು ಅಂತ ಬಂದು ಹಂಗೇ ಇಟ್ರಲ್ರಿ, ತೆಗೀಲೇ ಇಲ್ಲ!" ಆ ಮನೆಯಲ್ಲಿ ಮೊದಲ ಸಲ ತುಂಬೈತೆ ಎಂಬ ಮಾತಿಗೆ ತುಂಬಿದೆ ಎಂಬ ಅರ್ಥವೇ ಇತ್ತು.

ಮಾವನಿಗೆ ಅದು ಹೇಗೆ ಗೊತ್ತಾಗಬೇಕು? ಅವರು ನಿಶ್ಚಿಂತೆಯಿಂದ ಹಿಡಿಕೆಯ ಡಬ್ಬಿ ಕಳಚಿ ಕಟ್ಟೆಯ ಮೇಲಿಟ್ಟರು. ಡಬ್ಬಿ ಕಳಚಿದರೂ ಗೂಡಿಗೆ ಏರಿದ ಗುಂಡು ಅಲ್ಲೇ ಇರುತ್ತದೆ. ಸ್ಕೂಟರಿನ ಕಡೆ ತಿರುಗಿ, ಪೂಜೆಗೆ ಮುಂಚೆ ಒಂದು ಸಲ ಟಿಕ್ ಎನ್ನಿಸಿ ನೋಡೋಣ ಎಂದು ಲಾಕು ಸರಿಸಿ ಬೆರಳು ಒತ್ತಿದರು.

ಟಿಕ್ ಎನ್ನಲಿಲ್ಲ.

ಕಿವಿ ಗುಯ್ ಎಂದಿತು. ತಕ್ಕಡಿ ನನ್ನ ಕೈಯಿಂದ ಬಿತ್ತು. ಗೋಡೆಯಾಚೆಯ ಮನೆಯವರು, "ಏನ್ ಯಜಮಾನ್ರೆ, ಪೂಜೆ ಮುಂಚೇನೇ ಪಟಾಕಿ ಹಚ್ಚಿದ್ರಾ? ಜೋರಾಗೈತೆ!" ಎಂದು ಕೂಗಿದರು. ಸ್ಕೂಟರಿನ ಹಿಂದಿನ ಸೀಟಿನಲ್ಲಿ, ಅತ್ತೆ ಕೂತು ಹೂ ಕಟ್ಟುತ್ತಿದ್ದ ಜಾಗದಲ್ಲಿ, ಒಂದು ತೂತು ಬಿದ್ದಿತ್ತು. ಒಳಗಿನ ಸ್ಪಂಜು ಚೂರು ಹೊರಗೆ ಬಂದಿತ್ತು.

ವರ್ಷಗಟ್ಟಲೆಯಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಹೇಳಿದ್ದೆನೋ ಇಲ್ಲವೋ? ಬೇಡಿಕೊಂಡಿದ್ದೆನೋ ಇಲ್ಲವೋ? ಇವತ್ತು ಇವರನ್ನು ಬಿಡುವುದಿಲ್ಲ, ಹಿರಿಯರು ಅಂತಲೂ ನೋಡುವುದಿಲ್ಲ ಎಂದು ಎದ್ದು ನಿಂತೆ. ಬಾಯಿಯನ್ನೂ ತೆರೆದೆ.

ಅಷ್ಟರಲ್ಲಿ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದರು. ಮಾವ ಪಿಸ್ತೂಲನ್ನು ನೆಲದ ಮೇಲಿಟ್ಟರು. ಅತ್ತೆಯ ಹತ್ತಿರ ಹೋಗಿ, ಅವರ ಭುಜ ಹಿಡಿದು ಹಿಂದಕ್ಕೆ ತಿರುಗಿಸಿ, ಬೆನ್ನು ಸವರತೊಡಗಿದರು. ಕತ್ತಿನಿಂದ ಸೊಂಟದವರೆಗೆ, ಮತ್ತೆ ಸೊಂಟದಿಂದ ಕತ್ತಿನವರೆಗೆ. ಸೆರಗು ಸರಿಸಿ ನೋಡಿದರು. ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು, ಅದಕ್ಕೆ ಏನಾದರೂ ಅಂಟಿದೆಯೇ ಎಂದು.

"ತಾಗಿಲ್ಲ ಅಲ್ವೇನೆ? ತಾಗಿಲ್ಲ ಅಲ್ವೇನೆ?"

"ನಾನು ಒಳಗಿದ್ನಲ್ರಿ" ಎಂದರು ಅತ್ತೆ. "ಏನ್ರಿ ಇದು, ಹುಡುಗಿ ಎದುರಿಗೆ! ಬಿಡ್ರಿ."

ಮಾವ ಬಿಡಲಿಲ್ಲ. ಅತ್ತೆ ಒಳಗಿದ್ದರು ಎಂಬುದು ಅವರ ಕಿವಿಗೆ ಹೋಯಿತು, ಕೈಗೆ ಹೋಗಲಿಲ್ಲ. ಮಂಡಿಯವರೆಗೂ ಬಗ್ಗಿ ಸೀರೆಯ ನೆರಿಗೆಯನ್ನೆಲ್ಲ ತಡವಿ ನೋಡಿದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಅತ್ತೆ ಮೊದಲು ನಕ್ಕರು, ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಬೈಯಬೇಕಾದ ಮನುಷ್ಯ ಅಲ್ಲಿ ಇರಲಿಲ್ಲ. ನನಗೂ ಅಳು ಬಂತು.

ಪೂಜೆ ನಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಾವ ಪಿಸ್ತೂಲಿನ ಮೇಲ್ಭಾಗ ಎಳೆದು ಹಿಡಿದು ಗೂಡನ್ನು ನನಗೆ ತೋರಿಸಿದರು. ನಾನೇ ಬೆರಳು ಹಾಕಿ ನೋಡಿದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, "ಸ್ಟೇಷನ್ನಿಗೆ ಒಪ್ಪಿಸಿ ಬರಾಣ ನಡೀರಿ" ಎಂದರು. ಹಬ್ಬದ ದಿನ ಯಾಕೆ, ನಾಳೆ ಹೋದರಾಯಿತು ಎಂದು ಅತ್ತೆ ಹೇಳಿದ್ದಕ್ಕೆ, "ಇವತ್ತೇ. ಇನ್ನೊಂದು ರಾತ್ರಿ ಅದು ಮನೇಲಿ ಬ್ಯಾಡ" ಎಂದರು. ಸ್ಕೂಟರಿನ ಕಡೆ ಮಾತ್ರ ಅವರು ತಿರುಗಿಯೂ ನೋಡಲಿಲ್ಲ. ಮೂವರೂ ರಸ್ತೆಗೆ ನಡೆದು ಬಸ್ಸಿಗೆ ಕಾದೆವು.

ಮುಂದೆ ಬಾಳೆಕಂದು ಕಟ್ಟಿಕೊಂಡ ಬಸ್ಸು ಬಂತು, ಜನ ಕಡಿಮೆ. ಅತ್ತೆ ಕಿಟಕಿಯ ಪಕ್ಕ ಕೂತರು. ನಾನು ಮಾವನಿಗೆ ಜಾಗ ಬಿಟ್ಟು, "ಅತ್ತೆ ಪಕ್ಕ ಕುಂತ್ಕಳ್ರಿ ಮಾವ" ಎಂದೆ.

"ಬ್ಯಾಡವ್ವ, ನೀನು ಕುಂತ್ಕ. ನಾನು ಹಿಂದೆ ಇರ್ತೀನಿ."

ಅತ್ತೆಯ ಹಿಂದಿನ ಸೀಟಿನಲ್ಲಿ ಕೂತು, ಮುಂದಕ್ಕೆ ಬಗ್ಗಿ, ಅತ್ತೆ ಒರಗಿದ್ದ ಸೀಟಿನ ಬೆನ್ನಿಗೆ ಮಾವ ತಮ್ಮ ಅಂಗೈಯನ್ನು ಅಗಲವಾಗಿ ಹಚ್ಚಿ ಹಿಡಿದರು. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗಲೂ ಕೈ ಕದಲಲಿಲ್ಲ. ಅತ್ತೆ ತಿರುಗದೆಯೇ, "ಏನ್ರಿ ಅದು, ಕೈ ನೋಯಲ್ವಾ?" ಎಂದು ಕೇಳಿದರು.

"ನೀನು ಸುಮ್ನೆ ಒರಗಿಕ್ಯ" ಎಂದರು ಮಾವ. ಹಿರಿಯೂರಿನ ಬಸ್ ಸ್ಟ್ಯಾಂಡು ಬರುವವರೆಗೂ ಅವರು ಆ ಕೈ ತೆಗೆಯಲಿಲ್ಲ.